ಪೈಪಿನ ಬಾಯಿಗೊಂದು ಹಾಸುಗಲ್ಲು: ಕೊಳವೆ, ಸುರಂಗಗಳಿಂದ ನೀರು ಹೊರಬೀಳುವ ಜಾಗದ ಎಂಜಿನಿಯರಿಂಗ್

ಮುಧೋಳ ತಾಲ್ಲೂಕಿನಲ್ಲಿರುವ ನಮ್ಮ ಕಾಕಾನ ಕಬ್ಬಿನ ಹೊಲದಲ್ಲಿ ಬೋರಿನ ಪೈಪು ಬದುವಿನ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿಂದ ನೀರು ಮೊಳದಷ್ಟು ಕೆಳಗಿನ ಹೊಲಗಾಲುವೆಗೆ ಬೀಳಬೇಕು. ಬೀಳುವ ಜಾಗಕ್ಕೆ ಕಾಕಾ ಒಂದು ಹಾಸುಗಲ್ಲು ಇಟ್ಟಿದ್ದಾರೆ. ಪೈಪಿನ ಬಾಯಿಗೆ ಹಳೆಯ ಗೋಣಿಚೀಲ ಸುತ್ತಿ ಸುತಳಿಯಿಂದ ಬಿಗಿದಿದ್ದಾರೆ. ಎಂಜಿನಿಯರಿಂಗ್ ಓದಿ ಬಂದ ಹೊಸದರಲ್ಲಿ ಇದೇನು ಎಂದು ಕೇಳಿದ್ದೆ. "ನೀರ ಬಿಡೂದು ದೊಡ್ಡ ಮಾತಲ್ಲೋ ತಮ್ಮಾ, ಬೀಳೂ ಜಾಗಾ ಗಟ್ಟಿ ಇರಬೇಕು. ಇಲ್ಲಾಂದ್ರ ಮೂರು ದಿನದಾಗ ಬದು ಹೋಗಿ ಹೊಂಡ ಆಕ್ಕೈತಿ" ಅಂದರು.

ಆಮೇಲೆ ಕಾಲುವೆ, ತೂಬು, ಏತ ನೀರಾವರಿ ಕಾಮಗಾರಿಗಳಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೂ ಆ ಮಾತಿಗೆ ಹೆಚ್ಚಿಗೆ ಸೇರಿಸಲು ನನ್ನ ಹತ್ತಿರ ಇರುವುದು ಲೆಕ್ಕ ಮಾತ್ರ. ಅಣೆಕಟ್ಟಿನ ಹೊಟ್ಟೆಯೊಳಗಿನ ಕೊಳವೆ ಇರಲಿ, ಗುಡ್ಡ ಕೊರೆದ ಸುರಂಗ ಇರಲಿ, ಏತ ನೀರಾವರಿಯಲ್ಲಿ ನೀರನ್ನು ಮೇಲಕ್ಕೆ ಒಯ್ಯುವ ರೈಸಿಂಗ್ ಮೇನ್ ಪೈಪು ಇರಲಿ, ನೀರು ಕೊನೆಗೆ ಎಲ್ಲೋ ಒಂದು ಕಡೆ ಬಯಲಿಗೆ ಬರಲೇಬೇಕು. ಆ ಬಾಯಿಯಲ್ಲಿ ಕಟ್ಟುವುದನ್ನು ಔಟ್‌ಲೆಟ್ ಸ್ಟ್ರಕ್ಚರ್ ಎನ್ನುತ್ತೇವೆ. ಪುಸ್ತಕದ ಕನ್ನಡದಲ್ಲಿ ನಿರ್ಗಮ ರಚನೆ. ಅಣೆಕಟ್ಟನ್ನು ನೋಡಲು ಜನ ಬಸ್ ಮಾಡಿಕೊಂಡು ಬರುತ್ತಾರೆ, ಇದನ್ನು ನೋಡಲು ಯಾರೂ ಬರುವುದಿಲ್ಲ. ರಿಪೇರಿಯ ಕಡತ ಮಾತ್ರ ಹೆಚ್ಚಾಗಿ ಇದರದೇ.

ಮೊದಲು ನೀರಿಗೆ ಎಷ್ಟು ಕಸುವು ಇರುತ್ತದೆ ಎಂದು ನೋಡೋಣ. ಜಲಾಶಯದಲ್ಲಿ ನೀರಿನ ಮಟ್ಟ ತೂಬಿನ ಬಾಯಿಗಿಂತ 10 ಮೀಟರ್ ಮೇಲಿದೆ ಎಂದುಕೊಳ್ಳಿ. ಕೊಳವೆಯೊಳಗಿನ ತಿಕ್ಕಾಟವನ್ನು ಸದ್ಯಕ್ಕೆ ಮರೆತರೆ, ನೀರು ಹೊರಬರುವ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ 50 ಕಿಲೋಮೀಟರ್. ಒಂದು ಕಲ್ಲನ್ನು 10 ಮೀಟರ್ ಮೇಲಿನಿಂದ ಕೈಬಿಟ್ಟರೆ ನೆಲ ಮುಟ್ಟುವಾಗ ಅದಕ್ಕೂ ಇಷ್ಟೇ ವೇಗ ಇರುತ್ತದೆ. ಎತ್ತರ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ: 40 ಮೀಟರ್ ಇದ್ದರೆ ಸೆಕೆಂಡಿಗೆ 28 ಮೀಟರ್. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಗಾಳಿಯ ತಡೆ ಇಲ್ಲದಿದ್ದರೆ ಘಟಪ್ರಭೆ ಅಲ್ಲಿ ಕೆಳಗೆ ಮುಟ್ಟುವ ಹೊತ್ತಿಗೆ ಗಂಟೆಗೆ 115 ಕಿಲೋಮೀಟರ್ ಓಟದಲ್ಲಿರುತ್ತಾಳೆ. ಕೆಳಗೆ ಬಂಡೆಯಿದೆ, ಆಳದ ಮಡುವಿದೆ; ಸಾವಿರಾರು ವರ್ಷದಿಂದ ಆ ಪೆಟ್ಟು ತಿಂದುಕೊಂಡೇ ಬಂದಿವೆ. ನಮ್ಮ ಕಾಲುವೆಯ ಬುಡದಲ್ಲಿರುವುದು ಎರೆ ಮಣ್ಣು.

ವೇಗಕ್ಕಿಂತ ಶಕ್ತಿಯ ಲೆಕ್ಕ ಇನ್ನೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಪತ್ರಿಕೆಯಲ್ಲಿ "ಕಾಲುವೆಗೆ 350 ಕ್ಯೂಸೆಕ್ ನೀರು" ಎಂದು ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. 350 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 10 ಟನ್ ನೀರು. ಇಷ್ಟು ನೀರು 10 ಮೀಟರ್ ಇಳಿದು ಬಂದರೆ ಅದರಲ್ಲಿರುವ ಶಕ್ತಿ ಸುಮಾರು 970 ಕಿಲೋವ್ಯಾಟ್, ಅಂದರೆ 1,300 ಎಚ್‌ಪಿ. ಹತ್ತು ಎಚ್‌ಪಿಯ 130 ಪಂಪ್‌ಸೆಟ್‌ಗಳನ್ನು ಒಂದೇ ಹೊಂಡದಲ್ಲಿ ಇಳಿಸಿ, ಹಗಲು ರಾತ್ರಿ ಆ ಹೊಂಡವನ್ನೇ ಕಲಕುತ್ತಿರಿ ಎಂದು ಬಿಟ್ಟಂತೆ. ಬಾಯಿಯಲ್ಲಿ ಏನೂ ಕಟ್ಟದಿದ್ದರೆ ಅವೆಲ್ಲವೂ ನೆಲ ಅಗೆಯುವ ಕೆಲಸಕ್ಕೆ ನಿಲ್ಲುತ್ತವೆ.

ಈ ಶಕ್ತಿಯನ್ನು ಬಳಸಿಕೊಳ್ಳುವುದೇ ಜಾಣತನ, ಅದರಲ್ಲಿ ಎರಡು ಮಾತಿಲ್ಲ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಹಿಡಕಲ್‌ನಲ್ಲಿ 32 ಮೆಗಾವ್ಯಾಟ್ ವಿದ್ಯುದಾಗಾರಗಳಿವೆ. ಟರ್ಬೈನ್ ಸುತ್ತಿ ಬಂದ ನೀರು ಸೊಪ್ಪಗಾಗಿ ಹೊರಬರುತ್ತದೆ. ಆದರೆ ಟರ್ಬೈನ್ ರಿಪೇರಿಗೆ ನಿಲ್ಲುತ್ತದೆ, ಗ್ರಿಡ್ ಕೈಕೊಡುತ್ತದೆ. ರೈತನ ಹೊಲಕ್ಕೆ ಮಾತ್ರ ಅಂದೇ ನೀರು ಹೋಗಬೇಕು. ಹಾಗಾಗಿ ಶಕ್ತಿಯನ್ನು ಸುಮ್ಮನೆ ಕರಗಿಸುವ ದಾರಿಯೊಂದು ಎಲ್ಲ ಕಡೆಯೂ ಬೇಕಾಗುತ್ತದೆ.

ಶಕ್ತಿಯನ್ನು ಕರಗಿಸುವುದಕ್ಕೆ ಬಹಳ ಕಡೆ ನಂಬುವುದು ಹೈಡ್ರಾಲಿಕ್ ಜಂಪನ್ನು. ಇದನ್ನು ನೋಡಲು ಅಣೆಕಟ್ಟಿಗೆ ಹೋಗಬೇಕಿಲ್ಲ. ಅಡುಗೆಮನೆಯ ನಳದ ಕೆಳಗೆ ಸ್ಟೀಲ್ ತಾಟನ್ನು ಬೋರಲು ಹಾಕಿ, ನೀರನ್ನು ಸಣ್ಣಗೆ ಬಿಡಿ. ನೀರು ಬಿದ್ದ ಕಡೆಯಿಂದ ಸುತ್ತಲೂ ತೆಳ್ಳಗೆ, ಗಾಜಿನ ಹಾಳೆಯಂತೆ ಓಡುತ್ತದೆ. ಒಂದಷ್ಟು ದೂರ ಹೋದ ಮೇಲೆ ಥಟ್ಟನೆ ಉಬ್ಬಿ ಬಳೆಯಂತೆ ನಿಂತುಬಿಡುತ್ತದೆ. ಬಳೆಯ ಒಳಗೆ ನೀರು ತೆಳು ಮತ್ತು ಜೋರು, ಹೊರಗೆ ದಪ್ಪ ಮತ್ತು ನಿಧಾನ. ಆ ಉಬ್ಬೇ ಜಂಪ್. ಈಗ ತಾಟಿನ ಅಂಚಿಗೆ ಬೆರಳು ಅಡ್ಡ ಹಿಡಿದು ಹೊರಗಿನ ನೀರನ್ನು ಸ್ವಲ್ಪ ಏರಿಸಿ. ಬಳೆ ಒಳಕ್ಕೆ ಸರಿಯುತ್ತದೆ. ಬೆರಳು ತೆಗೆದರೆ ಹೊರಕ್ಕೆ ಓಡುತ್ತದೆ. ವಿನ್ಯಾಸದ ಅರ್ಧ ಗುಟ್ಟು ಇಷ್ಟರಲ್ಲೇ ಇದೆ: ಜಂಪ್ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಮೇಲಿನಿಂದ ಬರುವ ನೀರೊಂದೇ ಅಲ್ಲ, ಕೆಳಗೆ ನಿಂತ ನೀರು ಕೂಡ.

ಕೆಳಗೆ ನಿಂತ ಈ ನೀರಿಗೆ ಟೇಲ್ ವಾಟರ್ ಎಂದು ಹೆಸರು. ಹೊಸ ಹುಡುಗರು ನಕ್ಷೆಯನ್ನು ಗೇಟಿನಿಂದ ಶುರು ಮಾಡಿ ಕೆಳಗೆ ಬರುತ್ತಾರೆ. ನಾನು ತಿರುಗಿಸಿ ಓದಿ ಎನ್ನುತ್ತೇನೆ. ಮೊದಲು ಕಾಲುವೆಯಲ್ಲೋ ಹಳ್ಳದಲ್ಲೋ ನೀರು ಎಷ್ಟು ಆಳ ನಿಲ್ಲುತ್ತದೆ ನೋಡಿ, ಆಮೇಲೆ ಜಂಪ್ ನಿಲ್ಲಿಸಲು ಕಟ್ಟುವ ಕಾಂಕ್ರೀಟ್ ತೊಟ್ಟಿಯ, ಅಂದರೆ ಕುಂಡದ, ನೆಲ ಎಷ್ಟು ಆಳಕ್ಕೆ ಇಳಿಯಬೇಕು ನೋಡಿ, ಗೇಟು ಕೊನೆಗೆ.

ನಮ್ಮ 350 ಕ್ಯೂಸೆಕ್‌ನ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಸೆಕೆಂಡಿಗೆ 14 ಮೀಟರ್ ವೇಗದ ಈ ನೀರನ್ನು 1.4 ಮೀಟರ್ ಅಗಲದ ಕಿರಿದಾದ ಹಾದಿಯಲ್ಲೇ ಬಿಟ್ಟರೆ ಅದು ಅರ್ಧ ಮೀಟರ್ ದಪ್ಪ ಇರುತ್ತದೆ. ನೀರಿನ ವೇಗಕ್ಕೂ ಅಷ್ಟು ದಪ್ಪದ ನೀರಿನ ಮೇಲೆ ಸಣ್ಣ ಅಲೆಯೊಂದು ಸಾಗುವ ವೇಗಕ್ಕೂ ಇರುವ ಅನುಪಾತಕ್ಕೆ ಫ್ರೂಡ್ ಸಂಖ್ಯೆ ಎನ್ನುತ್ತಾರೆ. ಇಲ್ಲಿ ಅದು 6.3. ಒಂದಕ್ಕಿಂತ ಹೆಚ್ಚಿದ್ದರೆ ನೀರು ತನ್ನ ಅಲೆಗಳಿಗಿಂತ ಮುಂದೆ ಓಡುತ್ತಿದೆ ಎಂದು ಅರ್ಥ. ಕೆಳಗಿನ ಸುದ್ದಿ ಮೇಲಕ್ಕೆ ಮುಟ್ಟುವುದಿಲ್ಲ. ಈ ನೀರು ಜಂಪ್ ಆಗಿ ಶಾಂತವಾಗಬೇಕಾದರೆ ಕೆಳಗೆ 4.2 ಮೀಟರ್ ಆಳದ ನೀರು ನಿಂತಿರಬೇಕು. ಜಂಪ್ ಪೂರ್ತಿಯಾಗಲು ಆ ಆಳದ ಆರು ಪಟ್ಟು, ಅಂದರೆ ಸುಮಾರು 25 ಮೀಟರ್ ಉದ್ದದ ಕುಂಡ ಬೇಕು. ಕಾಲುವೆಯಲ್ಲಿ ನೀರಿನ ಆಳ 2 ಮೀಟರ್ ಮಾತ್ರ ಇದ್ದರೆ ಕುಂಡದ ನೆಲವನ್ನು ಕಾಲುವೆಯ ತಳಕ್ಕಿಂತ 2.2 ಮೀಟರ್ ಕೆಳಗೆ ಅಗೆಯಬೇಕು. ಬಂಡೆ ಇದ್ದ ಕಡೆ ಅಷ್ಟು ಅಗೆಯಲು ಖರ್ಚು, ಎರೆ ಇದ್ದ ಕಡೆ ತಲೆನೋವು.

ಈಗ ಅದೇ ನೀರನ್ನು 3 ಮೀಟರ್ ಅಗಲಕ್ಕೆ ಹರಡಿ ಕುಂಡಕ್ಕೆ ಇಳಿಸಿ ನೋಡಿ. ದಪ್ಪ 24 ಸೆಂಟಿಮೀಟರ್‌ಗೆ ಇಳಿಯುತ್ತದೆ. ಫ್ರೂಡ್ ಸಂಖ್ಯೆ 9ಕ್ಕೆ ಏರುತ್ತದೆ. ಆದರೆ ಕೆಳಗೆ ಬೇಕಾದ ಆಳ ಮೂರು ಮೀಟರ್‌ಗೂ ಒಂದಿಷ್ಟು ಕಡಿಮೆ, ಕುಂಡದ ಉದ್ದ 18 ಮೀಟರ್. ಒಂದು ಮೀಟರ್ ಅಗೆದರೆ ಸಾಕು. ನೀರಿನ ಶಕ್ತಿಯಲ್ಲಿ ಶೇ 70ರಷ್ಟು ಜಂಪಿನ ಕಲಕಾಟದಲ್ಲೇ ಮುಗಿದು, ಸೆಕೆಂಡಿಗೆ 14 ಮೀಟರ್ ಇದ್ದದ್ದು 1.1 ಮೀಟರ್ ಆಗಿ ಹೊರಡುತ್ತದೆ. ಹೋದ ಶಕ್ತಿ ಎಲ್ಲಿಗೆ ಹೋಯಿತು? ನೀರು ಒಂದಿಷ್ಟು ಬಿಸಿಯಾಯಿತು, ಡಿಗ್ರಿಯ ಅರವತ್ತರಲ್ಲೊಂದು ಪಾಲಿನಷ್ಟು. ಯಾವ ಮೀನಿಗೂ ತಿಳಿಯುವುದಿಲ್ಲ.

ಹಾಗಿದ್ದರೆ ಎಲ್ಲ ಕಡೆ ಅಗಲ ಮಾಡಿಬಿಟ್ಟರಾಯಿತಲ್ಲ ಎನ್ನಬಹುದು. ಓಡುವ ನೀರು ಗೋಡೆ ತಿರುಗಿದಲ್ಲೆಲ್ಲ ತಿರುಗುವುದಿಲ್ಲ. ಗೋಡೆಗಳನ್ನು ಒಮ್ಮೆಲೇ ಅಗಲಿಸಿದರೆ ನೀರು ನಡುವೆ ನೆಟ್ಟಗೆ ಓಡುತ್ತದೆ, ಎರಡೂ ಬದಿಗೆ ಸುಳಿ ಏಳುತ್ತದೆ. ಫ್ರೂಡ್ ಸಂಖ್ಯೆಯ ಮೂರು ಪಟ್ಟು ಉದ್ದ ಸಾಗಿದರೆ ಬದಿಗೆ ಒಂದು ಪಾಲು ಅಗಲಿಸಬಹುದು ಎಂಬುದು ಚಾಲ್ತಿಯಲ್ಲಿರುವ ನಿಯಮ. ನಮ್ಮ ಲೆಕ್ಕದಲ್ಲಿ ಎರಡೂ ಬದಿಗೆ 80 ಸೆಂಟಿಮೀಟರ್ ಅಗಲಿಸಲು ಹದಿನೈದಿಪ್ಪತ್ತು ಮೀಟರ್ ಉದ್ದದ ಇಳಿಜಾರು ಬೇಕು. ಕುಂಡದಲ್ಲಿ ಉಳಿಸಿದ ಕಾಂಕ್ರೀಟು ಹೀಗೆ ಇಳಿಜಾರಿನಲ್ಲಿ ಖರ್ಚಾಗುತ್ತದೆ. ಎಷ್ಟು ಅಗಲಿಸಿದರೆ ಒಟ್ಟು ಕಡಿಮೆ ಬೀಳುತ್ತದೆ ಎಂದು ನಾಲ್ಕಾರು ಸಲ ಲೆಕ್ಕ ಹಾಕಿ ನೋಡುವುದೇ ದಾರಿ. ಇದಕ್ಕೆ ಸಾಫ್ಟ್‌ವೇರ್ ಇಲ್ಲದೆ ಹಾಳೆ ಮತ್ತು ಪೆನ್ಸಿಲ್ ಹಿಡಿದು ಕೂತರೂ ಒಂದು ಮಧ್ಯಾಹ್ನದ ಕೆಲಸ. ಆ ಒಂದು ಮಧ್ಯಾಹ್ನ ಕೂರಲಾಗದೆ ಹಳೆಯ ನಕ್ಷೆಯನ್ನೇ ಎತ್ತಿ ಹೊಸ ಜಾಗಕ್ಕೆ ಅಂಟಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಕುಂಡದ ಉದ್ದವನ್ನು ಇನ್ನಷ್ಟು ಕಡಿಮೆ ಮಾಡಲು ನೆಲದ ಮೇಲೆ ಕಾಂಕ್ರೀಟಿನ ಹಲ್ಲುಗಳನ್ನು ನಿಲ್ಲಿಸುತ್ತಾರೆ. ಇಳಿಜಾರು ಮುಗಿಯುವಲ್ಲಿ ಒಂದು ಸಾಲು, ನಡುವೆ ಒಂದು ಸಾಲು, ಕೊನೆಗೆ ಅಡ್ಡ ಕಟ್ಟೆ. ಸೈಟಿನಲ್ಲಿ ಇವಕ್ಕೆ ಬ್ಲಾಕು ಎಂದಷ್ಟೇ ಕರೆಯುತ್ತೇವೆ. ವೇಗ ಸೆಕೆಂಡಿಗೆ 18 ಮೀಟರ್ ದಾಟಿದರೆ ನಡುವಿನ ಸಾಲು ಬೇಡ. ನೀರು ಆ ಹಲ್ಲುಗಳನ್ನೇ ತಿಂದುಹಾಕುತ್ತದೆ. ಫ್ರೂಡ್ ಸಂಖ್ಯೆ 4.5ರಿಂದ 9ರ ನಡುವೆ ಇದ್ದರೆ ಜಂಪ್ ನಿಂತಲ್ಲಿ ನಿಲ್ಲುತ್ತದೆ. 2.5ರಿಂದ 4.5ರ ನಡುವೆ ಇದ್ದರೆ ಅದು ತೂಗುಯ್ಯಾಲೆ. ನೀರು ಒಮ್ಮೆ ತಳಕ್ಕೆ ಒಮ್ಮೆ ಮೇಲಕ್ಕೆ ಹೊಡೆಯುತ್ತ, ಕಾಲುವೆಯುದ್ದಕ್ಕೂ ಅಲೆ ಕಳಿಸುತ್ತ, ದಂಡೆಯನ್ನು ಕಡಿಯುತ್ತ ಹೋಗುತ್ತದೆ. ಎತ್ತರ ಕಡಿಮೆ ಇರುವ, ತಳ ಮೆಟ್ಟಿಲಂತೆ ಇಳಿಯುವ ಕಾಲುವೆ ಡ್ರಾಪ್‌ಗಳು ಹೆಚ್ಚಾಗಿ ಈ ಕೆಟ್ಟ ಗುಂಪಿಗೇ ಸೇರುತ್ತವೆ. ಸಣ್ಣ ಡ್ರಾಪು, ಏನಾಗುತ್ತದೆ ಬಿಡಿ ಎನ್ನುವವರು ಅರ್ಧ ಕಿಲೋಮೀಟರ್ ಕೆಳಗೆ ಕುಸಿದ ಲೈನಿಂಗ್ (ಕಾಲುವೆಯ ಒಳಹೊದಿಕೆ) ನೋಡಿಕೊಂಡು ಬರಲಿ.

ಲೆಕ್ಕದಲ್ಲಿ ಕಾಣದ ಒಂದು ದಿನ ಇದೆ: ಕಾಲುವೆಗೆ ನೀರು ಬಿಡುವ ಮೊದಲ ದಿನ. ಅಂದು ಕಾಲುವೆ ಒಣಗಿರುತ್ತದೆ, ಟೇಲ್ ವಾಟರ್ ಎಂಬುದೇ ಇರುವುದಿಲ್ಲ. ಪೂಜೆ ಮಾಡಿ, ಗಣ್ಯರ ಕೈಯಲ್ಲಿ ಬಟನ್ ಒತ್ತಿಸಿ, ಗೇಟನ್ನು ಒಮ್ಮೆಲೇ ಎತ್ತಿದರೆ ಜಂಪ್ ಕುಂಡ ದಾಟಿ ಹೊರಗೆ ಹೋಗುತ್ತದೆ. ತಾಟಿನಿಂದ ಬೆರಳು ತೆಗೆದಂತೆ. ಅನುಭವಸ್ಥ ಸೌಡಿ (ನೀರುಗಂಟಿ) ಮೊದಲು ಒಂದು ಗೇಣು ಎತ್ತಿ, ಕಾಲುವೆ ತುಂಬಿಕೊಳ್ಳುವ ತನಕ ಬೀಡಿ ಸೇದುತ್ತ ಕೂರುತ್ತಾನೆ. ಅವನು ಸೋಮಾರಿ ಅಲ್ಲ. ಸುರಂಗದ ನೀರು ನದಿಗೆ ಬೀಳುವ ಕಡೆ ಈ ತೊಂದರೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯಬಹುದು. ನದಿಯ ಮರಳು ಎತ್ತಿದಂತೆ ತಳ ಇಳಿಯುತ್ತದೆ, ತಳದ ಜೊತೆಗೆ ನೀರಿನ ಮಟ್ಟವೂ ಇಳಿಯುತ್ತದೆ. ಕಟ್ಟಿದಾಗ ಸರಿಯಿದ್ದ ಕುಂಡ ಹತ್ತು ವರ್ಷದಲ್ಲಿ ಗಿಡ್ಡವಾಗಿ ಕೂರುತ್ತದೆ. ಆದ್ದರಿಂದ ಪೂರ್ತಿ ಹರಿವಿಗೊಂದೇ ಲೆಕ್ಕ ಹಾಕಿ ಮುಗಿಸಬಾರದು. ಕಾಲು, ಅರ್ಧ, ಮುಕ್ಕಾಲು ಹರಿವಿಗೂ, ನದಿಯ ತಳ ಒಂದು ಮೀಟರ್ ಇಳಿದರೆ ಏನು ಎಂಬುದಕ್ಕೂ ಹಾಕಬೇಕು.

ಹಳ್ಳದಲ್ಲಿ ಟೇಲ್ ವಾಟರ್ ಭರವಸೆಯೇ ಇಲ್ಲದಿದ್ದರೆ? ಅಲ್ಲಿಗೆ ಕಾಕಾನ ಗೋಣಿಚೀಲದ ದೊಡ್ಡಣ್ಣ ಇದ್ದಾನೆ. ಪೈಪಿನ ಬಾಯಿಗೆ ಎದುರಾಗಿ ಕಾಂಕ್ರೀಟ್ ಡಬ್ಬಿ, ಡಬ್ಬಿಯೊಳಗೆ ಮೇಲಿನಿಂದ ಇಳಿಬಿಟ್ಟ ದಪ್ಪ ಗೋಡೆ. ನೀರು ಆ ಗೋಡೆಗೆ ಹಣೆ ಚಚ್ಚಿಕೊಂಡು, ಹಿಂದಕ್ಕೆ ಮಗುಚಿ, ಗೋಡೆಯ ಅಡಿಯಿಂದ ನುಸುಳಿ ಹೊರಗೆ ಹೋಗುತ್ತದೆ. ಅಮೆರಿಕದ ಸರ್ಕಾರಿ ನೀರಾವರಿ ಸಂಸ್ಥೆ ಬ್ಯೂರೋ ಆಫ್ ರಿಕ್ಲಮೇಶನ್‌ನವರು ಮಾದರಿ ಪ್ರಯೋಗ ಮಾಡಿ ಇದರ ಅಳತೆಗಳನ್ನು ಕೊಟ್ಟಿದ್ದಾರೆ. ಸೆಕೆಂಡಿಗೆ 15 ಮೀಟರ್ ವೇಗ, 400 ಕ್ಯೂಸೆಕ್ ಹರಿವಿನವರೆಗೆ ಇದು ಸಲ್ಲುತ್ತದೆ. ಇದರ ಶತ್ರು ಜಾಲಿಕಂಟಿ, ಜೊಂಡು, ಪ್ಲಾಸ್ಟಿಕ್ ಚೀಲ. ಕಸ ಗೋಡೆಯ ಅಡಿಗೆ ಸಿಕ್ಕಿಕೊಂಡರೆ ನೀರು ಗೋಡೆಯನ್ನೇ ಹತ್ತಿ ಹಾರುತ್ತದೆ. ಮೇಲುಗಡೆ ಜಾಲರಿ ಇಲ್ಲದ ಜಾಗಕ್ಕೆ ಇದನ್ನು ನಾನು ಒಪ್ಪುವುದಿಲ್ಲ.

ಕುಂಡ ಮುಗಿದ ಮೇಲೆ ಕಲ್ಲಿನ ಪಿಚಿಂಗ್, ಅಂದರೆ ಮಣ್ಣು ಕೊರೆಯದಂತೆ ಜೋಡಿಸುವ ಕಲ್ಲಿನ ಹಾಸು. ಇದರಲ್ಲಿ ಒಂದು ಲೆಕ್ಕ ಗಾಬರಿ ಹುಟ್ಟಿಸುವಂಥದ್ದು. ನೀರಿನ ವೇಗ ಎರಡು ಪಟ್ಟಾದರೆ, ಅದಕ್ಕೆ ಅಲುಗದೆ ನಿಲ್ಲಬೇಕಾದ ಕಲ್ಲಿನ ಅಡ್ಡಳತೆ ನಾಲ್ಕು ಪಟ್ಟಾಗಬೇಕು, ತೂಕ 64 ಪಟ್ಟಾಗಬೇಕು. ಐದು ಕಿಲೋ ಕಲ್ಲು ಸಾಕಿದ್ದ ಕಡೆ ಮುನ್ನೂರು ಕಿಲೋಗೂ ಮೇಲಿನ ಗುಂಡು! ಹಾಗಾಗಿ ಪಿಚಿಂಗ್ ಮೇಲೆ ಭಾರ ಹಾಕಿ ಕುಂಡವನ್ನು ಚಿಕ್ಕದು ಮಾಡುವ ಆಸೆ ಬೇಡ. ಕಲ್ಲಿನ ತೂಕದಷ್ಟೇ ಮುಖ್ಯವಾದದ್ದು ಕಲ್ಲಿನ ಕೆಳಗೆ ಏನಿದೆ ಎಂಬುದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಬೀಳಗಿ ಕಡೆ ಕಾಲುವೆಯ ಹೆಚ್ಚಿನ ನೀರನ್ನು ಹೊರಬಿಡುವ ಒಂದು ಎಸ್ಕೇಪಿನ ಬಾಯಿಗೆ ಒಳ್ಳೆಯ ದಪ್ಪ ಕಲ್ಲು ಹಾಕಿಸಿದ್ದೆವು. ಮಳೆಗಾಲ ಹತ್ತಿರ ಬಂದಿತ್ತು. ಕಲ್ಲಿನ ಅಡಿಗೆ ಹಾಸಬೇಕಿದ್ದ ಜಲ್ಲಿ ಮರಳಿನ ಫಿಲ್ಟರ್ ಬಿಟ್ಟು ನೇರ ಎರೆಯ ಮೇಲೇ ಜೋಡಿಸಿದರು. ಬೇರೆಯವರ ಹೆಸರು ಯಾಕೆ, ಅಳತೆ ಪುಸ್ತಕಕ್ಕೆ ಸಹಿ ಹಾಕಿದವನು ನಾನೇ. ದೀಪಾವಳಿ ಮುಗಿಸಿ ಹೋಗಿ ನೋಡಿದರೆ ಒಂದು ಕಲ್ಲೂ ಕೊಚ್ಚಿ ಹೋಗಿರಲಿಲ್ಲ. ಆದರೆ ಎಲ್ಲವೂ ಮಂಡಿಯುದ್ದ ಕೆಳಗೆ ಇಳಿದಿದ್ದವು. ನೀರು ಕಲ್ಲಿನ ಸಂದಿಯಿಂದ ಮಣ್ಣನ್ನು ಹೀರಿ ಹೀರಿ ಹೊರಗೆ ಹಾಕಿತ್ತು. ಕಾಂಕ್ರೀಟ್ ನೆಲದ ತುದಿಯ ಕೆಳಗೆ ಕೈ ಹಾಕಿದೆ. ಮೊಣಕೈ ತನಕ ಹೋಯಿತು.

ಎರೆ ಮಣ್ಣಿನ ಇನ್ನೊಂದು ಗುಣವೆಂದರೆ ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು. ವಿಜಯಪುರದವರಿಗೆ ಇದನ್ನು ಹೇಳಬೇಕಿಲ್ಲ, ಬೇಸಿಗೆಯ ಬಿರುಕಿನಲ್ಲಿ ಚಪ್ಪಲಿ ಕಳೆದುಕೊಂಡವರೇ ಎಲ್ಲ. ಕುಂಡದ ನೆಲವನ್ನು ಇಂಥ ಮಣ್ಣಿನ ಮೇಲೆ ನೇರ ಹಾಕಿದರೆ ಮಣ್ಣು ಅದನ್ನು ಹಪ್ಪಳದಂತೆ ಎತ್ತಿ ಮುರಿಯುತ್ತದೆ. ಹಾಗಾಗಿ ಎರೆಯನ್ನು ಅರ್ಧದಿಂದ ಒಂದು ಮೀಟರ್ ಕೆರೆದು ತೆಗೆದು, ಉಬ್ಬದ ಜಾತಿಯ ಅಂಟು ಗರಸು ತಂದು ಪದರ ಪದರವಾಗಿ ಕುಟ್ಟಿ ಕೂಡಿಸುತ್ತಾರೆ. ಇದು ಕಾಣದ ಕೆಲಸ. ಕಾಣದ ಕೆಲಸದಲ್ಲೇ ಕೈ ಬಿಗಿ ಹಿಡಿಯುವುದು ಜಾಸ್ತಿ.

ನೆಲದ ಕೆಳಗಿನ ನೀರು ಇದಕ್ಕಿಂತ ಮೋಸದ್ದು. ಜಂಪ್ ಶುರುವಾಗುವ ಕಡೆ ಕುಂಡದ ಮೇಲೆ ಒಂದು ಗೇಣು ನೀರು ಇರುತ್ತದೆ, ಕೆಳಗೆ ಮಾತ್ರ ಟೇಲ್ ವಾಟರಿನ ಪೂರ್ತಿ ಒತ್ತಡ ಜಿನುಗಿ ಬಂದು ಕೂತಿರುತ್ತದೆ. ಮೇಲಿನಿಂದ ಒತ್ತುವ ನೀರು ಕಡಿಮೆ, ಕೆಳಗಿನಿಂದ ಎತ್ತುವುದು ಹೆಚ್ಚು. ಒಂದು ಮೀಟರ್ ದಪ್ಪ ಕಾಂಕ್ರೀಟು ತನ್ನ ತೂಕದಿಂದ 2.4 ಮೀಟರ್ ನೀರಿನ ಎತ್ತುವಿಕೆಯನ್ನು ಮಾತ್ರ ತಡೆಯಬಲ್ಲದು. ಉಳಿದದ್ದಕ್ಕೆ ಬಂಡೆಗೆ ಕಬ್ಬಿಣದ ಆಂಕರ್ ಹೊಡೆಯಬೇಕು, ಇಲ್ಲವೇ ಕೆಳಗೆ ಡ್ರೈನ್ ಕೊಟ್ಟು ಒತ್ತಡ ಇಳಿಸಬೇಕು. ಕೀಲುಗಳಲ್ಲಿ ಹರಿವಿನ ಕೆಳಬದಿಯ ಸ್ಲ್ಯಾಬು ಮೇಲುಬದಿಯದಕ್ಕಿಂತ ನೂಲಿನಷ್ಟು ಎದ್ದು ಕೂತರೂ ಓಡುವ ನೀರು ಅಲ್ಲಿ ಡಿಕ್ಕಿ ಹೊಡೆದು, ಆ ಒತ್ತಡ ಬಿರುಕಿನ ಮೂಲಕ ಕೆಳಗೆ ನುಗ್ಗುತ್ತದೆ. 2017ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಅಣೆಕಟ್ಟಿನ ಕೋಡಿಯ ಇಳಿಜಾರಿನಲ್ಲಿ ಸ್ಲ್ಯಾಬುಗಳು ಎದ್ದು ಹೋದದ್ದು ಹೀಗೆ ನೀರು ಕೆಳಗೆ ಹೊಕ್ಕು. ಸುಮಾರು 1,88,000 ಜನ ಊರು ಬಿಡಬೇಕಾಯಿತು.

ಇಷ್ಟೆಲ್ಲ ಬಾಯಿಯ ಹೊರಗಿನ ಮಾತು. ಸುರಂಗದ ಒಳಗೆ ಕೆಡುವುದು ಹೆಚ್ಚಾಗಿ ಗಾಳಿಯಿಂದ. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದರೆ ಗುಳುಕ್ ಗುಳುಕ್ ಎಂದು ಬೀಳುತ್ತದಲ್ಲ, ನೀರು ಹೊರಗೆ ಬರಲು ಗಾಳಿ ಒಳಗೆ ಹೋಗಬೇಕು, ಇಬ್ಬರಿಗೂ ಒಂದೇ ಬಾಗಿಲು. ಸುರಂಗ ಪೂರ್ತಿ ತುಂಬಿ ಹರಿಯಬೇಕು, ಇಲ್ಲವೇ ಮೇಲೆ ಕಾಲು ಭಾಗ ಖಾಲಿ ಬಿಟ್ಟು ಕಾಲುವೆಯಂತೆ ಹರಿಯಬೇಕು. ಎರಡರ ನಡುವೆ ತೂಗಾಡುವ ಹರಿವು ಬಾಟಲಿಯ ಗುಳುಕನ್ನೇ ಟನ್‌ಗಟ್ಟಲೆ ತೂಕದಲ್ಲಿ ಮಾಡುತ್ತದೆ. ಗೇಟು ನಡುಗುತ್ತದೆ, ಬಾಯಿಯಲ್ಲಿ ನೀರು ಫಿರಂಗಿಯಂತೆ ಉಗುಳುತ್ತದೆ.

ಗೇಟನ್ನು ಅರ್ಧ ಎತ್ತಿದಾಗ ಅಡಿಯಿಂದ ನುಗ್ಗುವ ನೀರು ತನ್ನ ಜೊತೆಗೆ ಗಾಳಿಯನ್ನೂ ಎಳೆದೊಯ್ಯುತ್ತದೆ. ಆ ಗಾಳಿಗೆ ಬದಲಿ ಸಿಗದಿದ್ದರೆ ಗೇಟಿನ ಹಿಂದೆ ಒತ್ತಡ ಕುಸಿಯುತ್ತದೆ. ಅದಕ್ಕೇ ಗೇಟಿನ ಬೆನ್ನಿಗೆ ಮೇಲಿನ ತನಕ ಗಾಳಿ ಕೊಳವೆ ಕೊಡುತ್ತಾರೆ. ಒಮ್ಮೆ ಇಂಥ ಕೊಳವೆಯ ಬಾಯಿ ಹತ್ತಿರ ಬಗ್ಗಿ ನಿಂತಿದ್ದೆ; ಹೆಗಲ ಮೇಲಿನ ವಲ್ಲಿಯನ್ನು ಸರ್ರನೆ ಎಳೆದುಕೊಂಡು ನುಂಗಿಬಿಟ್ಟಿತು. ಜಾಲರಿ ಯಾಕಿರಬೇಕು ಎಂದು ಆಮೇಲೆ ಯಾರೂ ನನಗೆ ಹೇಳಬೇಕಾಗಲಿಲ್ಲ.

ಒತ್ತಡ ತೀರ ಕುಸಿದರೆ ನೀರು ತಣ್ಣಗಿರುವಾಗಲೇ ಕುದಿಯುತ್ತದೆ. ಸಣ್ಣ ಆವಿಗುಳ್ಳೆಗಳು ಹುಟ್ಟಿ, ಒತ್ತಡ ಹೆಚ್ಚಿರುವ ಕಡೆಗೆ ಹರಿದು ಹೋದ ತಕ್ಷಣ ಸಿಡಿದು ಕುಸಿಯುತ್ತವೆ. ಒಂದೊಂದು ಗುಳ್ಳೆಯ ಪೆಟ್ಟೂ ಉಳಿಯಿಂದ ಕುಟ್ಟಿದಂತೆ. ಕ್ಯಾವಿಟೇಶನ್ ಎಂಬ ಈ ರೋಗ ಸೆಕೆಂಡಿಗೆ 25–30 ಮೀಟರ್ ವೇಗ ದಾಟಿದಾಗ ಜೋರಾಗುತ್ತದೆ. ಗೇಟು ಜಾರುವ ತೋಡಿನ ಹತ್ತಿರ, ಕೆಟ್ಟದಾಗಿ ತಿದ್ದಿದ ಕಾಂಕ್ರೀಟು ಕೀಲಿನ ಹತ್ತಿರ ಕಡಿಮೆ ವೇಗದಲ್ಲೂ ಶುರುವಾಗಬಹುದು. ಮದ್ದು ಎರಡು. ಮೇಲ್ಮೈ ನುಣ್ಣಗಿರಲಿ, ಇಲ್ಲವೇ ನೀರಿನೊಳಗೆ ಗಾಳಿ ಬೆರೆಸಿ. ಬೆರೆತ ಗಾಳಿ ಗುಳ್ಳೆಯ ಪೆಟ್ಟಿಗೆ ಹಾಸಿಗೆಯಂತೆ ಒದಗುತ್ತದೆ. ಎತ್ತರದ ಅಣೆಕಟ್ಟುಗಳಲ್ಲಿ ಕೊಳವೆಯ ತುದಿಗೆ ಶಂಕುವಿನಾಕಾರದ ವಾಲ್ವ್ ಕೂರಿಸಿ ನೀರನ್ನು ಕೊಡೆಯಂತೆ ಬಿಚ್ಚಿ ಗಾಳಿಗೆ ಎರಚುವುದೂ ಉಂಟು. ನೋಡಲು ಚೆಂದ, ಸುತ್ತಲಿನ ರಸ್ತೆ ಮತ್ತು ವಿದ್ಯುತ್ ತಂತಿ ಮಾತ್ರ ದೂರ ಇರಬೇಕು.

ನಮ್ಮ ಭಾಗದಲ್ಲಿ ಈಗ ಹೆಚ್ಚು ಕಾಣುವುದು ಬೇರೆ ಜಾತಿಯ ಬಾಯಿ: ಮುಳವಾಡ, ಚಿಮ್ಮಲಗಿ, ತುಬಚಿ-ಬಬಲೇಶ್ವರದಂಥ ಏತ ನೀರಾವರಿಗಳ ಡೆಲಿವರಿ ಚೇಂಬರ್. ಜಾಕ್‌ವೆಲ್‌ನಿಂದ (ಪಂಪು ನೀರೆತ್ತುವ ಬಾವಿ) ಪಂಪು ನೀರನ್ನು ಗುಡ್ಡ ಹತ್ತಿಸುತ್ತದೆ, ರೈಸಿಂಗ್ ಮೇನ್ ಮೇಲೆ ಬಂದು ಒಂದು ತೊಟ್ಟಿಯಲ್ಲಿ ಬಾಯಿ ಬಿಡುತ್ತದೆ, ಅಲ್ಲಿಂದ ಕಾಲುವೆ. ಅಣೆಕಟ್ಟಿನ ತೂಬಿನಲ್ಲಿ ಶಕ್ತಿ ಕಳೆಯುವುದು ನಮ್ಮ ಗುರಿ. ಇಲ್ಲಿ ಉಲ್ಟಾ, ಒಂದೊಂದು ಗೇಣು ಎತ್ತರಕ್ಕೂ ಕರೆಂಟ್ ಬಿಲ್ ಇದೆ. ಪೈಪಿನಲ್ಲಿ ನೀರು ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಬಂದು ತೊಟ್ಟಿಗೆ ಬಿದ್ದರೆ ಆ ವೇಗದ ಶಕ್ತಿ, ಅಂದರೆ 32 ಸೆಂಟಿಮೀಟರ್ ಎತ್ತರಕ್ಕೆ ಸಮನಾದದ್ದು, ತೊಟ್ಟಿಯಲ್ಲೇ ಹಾಳಾಗುತ್ತದೆ. ಪೈಪಿನ ತುದಿಯನ್ನು ಶಹನಾಯಿಯಂತೆ ನಿಧಾನವಾಗಿ ಅಗಲಿಸಿ ವಿಸ್ತೀರ್ಣ ಎರಡು ಪಟ್ಟು ಮಾಡಿದರೆ ನಷ್ಟ 8 ಸೆಂಟಿಮೀಟರ್‌ಗೆ ಇಳಿಯುತ್ತದೆ. ಉಳಿತಾಯ 24 ಸೆಂಟಿಮೀಟರ್. ಏನು ಮಹಾ ಎನ್ನಬಹುದು. ಸೆಕೆಂಡಿಗೆ 10 ಟನ್ ಎತ್ತುವ ಸ್ಥಾವರದಲ್ಲಿ, ಪಂಪಿನ ದಕ್ಷತೆ ಶೇ 80 ಎಂದುಕೊಂಡರೆ, ಅದು ದಿನಕ್ಕೆ 700 ಯೂನಿಟ್. ಕಾಗದದ ಲೆಕ್ಕದ ಅರ್ಧ ಸಿಕ್ಕರೂ ಒಂದೇ ಹಂಗಾಮಿನಲ್ಲಿ ಆ ಅಗಲಿಸಿದ ತಗಡಿನ ದುಡ್ಡು ಬರುತ್ತದೆ.

ಡೆಲಿವರಿ ಚೇಂಬರಿನಲ್ಲಿ ನಿಜವಾದ ಪರೀಕ್ಷೆ ಕರೆಂಟ್ ಹೋದ ಕ್ಷಣ. ಪಂಪು ನಿಂತಿತು, ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿದೆ, ಕಾಲುವೆ ತುಂಬಿದೆ. ತಡೆಯುವವರಿಲ್ಲದಿದ್ದರೆ ಕಾಲುವೆಯ ನೀರೆಲ್ಲ ಬಂದ ದಾರಿ ಹಿಡಿದು ಜಾಕ್‌ವೆಲ್‌ಗೆ ಇಳಿಯುತ್ತದೆ, ಪಂಪು ಹಿಂದಕ್ಕೆ ತಿರುಗುತ್ತದೆ. ಕೆಳಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರುತ್ತದೆ, ನಿಜ. ಅದೊಂದನ್ನೇ ನಂಬಿ ಕೂರಬಾರದು. ಪೈಪಿನ ತುದಿಯನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ಗೂನಿನಂತೆ ಬಗ್ಗಿಸಿ ಇಳಿಸಿದರೆ, ಗೂನಿನ ತಲೆಯ ಮೇಲೊಂದು ಗಾಳಿ ವಾಲ್ವ್ ಕೊಟ್ಟರೆ, ಪಂಪು ನಿಂತ ಕೂಡಲೇ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಆ ಗಾಳಿ ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಗೂನು ಇದ್ದೂ ಇಲ್ಲದಂತೆ. ತಿಂಗಳಿಗೊಮ್ಮೆ ಕೈಯಲ್ಲಿ ಅಲುಗಿಸಿ ನೋಡುವವರು ಬೇಕು.

ಇದೆಲ್ಲ ಇಂದಿನ ವಿದ್ಯೆ ಎಂದುಕೊಳ್ಳಬೇಡಿ. ವಿಜಯಪುರದಲ್ಲಿ ತೊರವಿ ಕಡೆಯಿಂದ ಊರಿಗೆ ನೆಲದೊಳಗಿನ ಸುರಂಗದಲ್ಲಿ ನೀರು ತಂದವರು ಆದಿಲ್ ಶಾಹಿಗಳು. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಪಟ್ಟಣಕ್ಕೆ ಬರುತ್ತಿತ್ತು. ಆ ಸಾಲುಗಳಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಗೋಪುರಗಳನ್ನು ಕಟ್ಟಿದ್ದರು, ಕೆಲವು ಇಂದಿಗೂ ನಿಂತಿವೆ. ನೀರು ಗೋಪುರದೊಳಗೆ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ತಳದಲ್ಲಿ ಕೂರುತ್ತಿತ್ತು, ತಿಳಿನೀರು ಮುಂದಿನ ಕೊಳವೆಗೆ ಹೋಗುತ್ತಿತ್ತು. ಸುಟ್ಟ ಮಣ್ಣಿನ ಕೊಳವೆ ಹೆಚ್ಚು ಒತ್ತಡ ತಾಳದು ಎಂಬುದನ್ನು ಒಪ್ಪಿಕೊಂಡು, ಆ ಒತ್ತಡವನ್ನು ಒಂದು ನಿಗದಿ ಜಾಗದಲ್ಲಿ ಇಳಿಸಿದ್ದರು. ಗೋಳಗುಮ್ಮಟ ನೋಡಿ ವಾಪಸು ಹೋಗುವವರು ಒಂದು ಗಂಜನ್ನೂ ನೋಡಿ ಹೋಗಲಿ ಎಂಬುದು ನನ್ನ ಹಳೆಯ ಹಟ.

ಕಾಲುವೆ ಬಂದ್ ಆಗಿರುವ ಬೇಸಿಗೆಯಲ್ಲಿ ಕುಂಡದ ನೀರು ತೆಗೆಸಿ ಒಳಗೆ ಇಳಿಯುವುದು ಈ ಕೆಲಸದ ಕೊನೆಯ ಭಾಗ, ನನಗೆ ಇಷ್ಟವಾದದ್ದೂ ಅದೇ. ಹೋದ ಸಲ ಇಳಿದಾಗ ನೆಲದಲ್ಲಿ ಮೂಲೆಯೊಂದು ಕಡಾಯಿಯಂತೆ ತೋಡಿಕೊಂಡಿತ್ತು, ಸರಳು ಹೊರಗೆ ಇಣುಕುತ್ತಿತ್ತು. ತೋಡಿನ ತುಂಬ ಬೆಣ್ಣೆಯುಂಡೆಯಷ್ಟು ನುಣ್ಣಗಾದ ಕಲ್ಲುಗಳು. ಅವು ಮೇಲಿನಿಂದ ಬಂದವಲ್ಲ, ಕೆಳಗಿನ ಪಿಚಿಂಗ್‌ನವು. ಎರಡು ಗೇಟುಗಳಲ್ಲಿ ಒಂದನ್ನೇ ತೆರೆದು ನಡೆಸಿದ್ದರು. ಒಂದು ಬದಿ ನೀರು ಹೊರಕ್ಕೆ ಓಡಿದರೆ ಇನ್ನೊಂದು ಬದಿ ಸುಳಿ ಹಿಂದಕ್ಕೆ ತಿರುಗಿ ಕಲ್ಲನ್ನು ಕುಂಡದೊಳಗೆ ಹೊತ್ತು ತಂದು, ಹಂಗಾಮಿನುದ್ದಕ್ಕೂ ಗಿರಣಿಯಂತೆ ಅರೆದಿದೆ. ಕೂಲಿಯವರು ಬುಟ್ಟಿಯಲ್ಲಿ ತುಂಬಿಕೊಂಡು ಅಡ್ಡಕಟ್ಟೆಯ ಆಚೆಗೆ ಸುರಿಯಲು ಹೊರಟರು. "ಅಲ್ಲಿ ಬ್ಯಾಡ್ರಪಾ, ಮತ್ತ ಒಳಗ ಬರತಾವು" ಎಂದು ತಡೆದು, ಟ್ರ್ಯಾಕ್ಟರ್ ಕರೆಸಿ ದಂಡೆಯ ಮೇಲಕ್ಕೆ ಹೇರಿಸಿದೆ. ಎರಡು ಟ್ರಿಪ್ ಆಯಿತು.